ಬೆಲ್ಟ್ ಪರೀಕ್ಷೆಯೂ ಬಾಡಿಗೆಯ ಲೆಕ್ಕವೂ: ಒಂದು ಕರಾಟೆ ಶಾಲೆಯ ಪ್ರಕರಣ ಅಧ್ಯಯನ

ಮಲೆನಾಡಿನ ಅಂಚಿಗಿರುವ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆಯುತ್ತಿರುವ ಕರಾಟೆ ಶಾಲೆಯೊಂದರ ಸುಮಾರು ಎರಡು ವರ್ಷಗಳ ಅನುಭವವನ್ನು ಇಲ್ಲಿ ದಾಖಲಿಸಿದ್ದೇನೆ. ಊರು, ಶಿಕ್ಷಕರು, ಅವರು ಸೇರಿರುವ ಮಾತೃಸಂಸ್ಥೆ, ಮಕ್ಕಳು ಮತ್ತು ಪೋಷಕರು ಯಾರ ಹೆಸರನ್ನೂ ಕೊಟ್ಟಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಹಣದ ಮೊತ್ತಗಳನ್ನು ಲೆಕ್ಕ ಹಿಡಿಯಲು ಸುಲಭವಾಗುವಂತೆ ದುಂಡಾಗಿಸಿದ್ದೇನೆ. ಶಾಲೆ ನಡೆಸುವ ಇತರರಿಗೆ ಉಪಯೋಗವಾಗಲೆಂದು ಶಿಕ್ಷಕರು ತಮ್ಮ ಲೆಕ್ಕದ ಪುಸ್ತಕವನ್ನೂ ಹಾಜರಿ ಪುಸ್ತಕವನ್ನೂ ನೋಡಲು ಕೊಟ್ಟರು. ಕೆಳಗಿನ ಮಾತುಗಳಿಗೆಲ್ಲ ಅವೇ ಆಧಾರ.

ಹಿನ್ನೆಲೆ

ಶಿಕ್ಷಕರು ನಲವತ್ತು ದಾಟಿದವರು, ಕರಾಟೆಯ ಶೋಟೋಕಾನ್ ಶೈಲಿಯಲ್ಲಿ ಮೂರನೇ ಡಾನ್ (ಬ್ಲ್ಯಾಕ್ ಬೆಲ್ಟಿನೊಳಗಿನ ದರ್ಜೆ) ಬ್ಲ್ಯಾಕ್ ಬೆಲ್ಟ್ ಪಡೆದವರು. ಖಾಸಗಿ ಫೈನಾನ್ಸ್ ಕಚೇರಿಯೊಂದರಲ್ಲಿ ದುಡಿಯುತ್ತಲೇ ಸಂಜೆ ಹೊತ್ತು ಸರ್ಕಾರಿ ಶಾಲೆಯ ಮೈದಾನದಲ್ಲಿ ಒಂದಿಷ್ಟು ಮಕ್ಕಳಿಗೆ ಕಲಿಸಲು ಆರಂಭಿಸಿದ್ದರು. ಮಲೆನಾಡಿನಲ್ಲಿ ಮೈದಾನ ನಂಬಿ ತರಗತಿ ನಡೆಸುವುದೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿದ ಹಾಗೆಯೇ. ಸಮುದಾಯ ಭವನ ಹಿಡಿದರೆ ಮದುವೆಯ ತಿಂಗಳುಗಳಲ್ಲಿ ಅದು ಕೈಗೆ ಸಿಗುವುದಿಲ್ಲ. ಹೀಗಾಗಿ ಅವರು ಬಸ್ ನಿಲ್ದಾಣದ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಹಾಲನ್ನು ಹತ್ತು ತಿಂಗಳ ಮುಂಗಡ ಕೊಟ್ಟು ಬಾಡಿಗೆಗೆ ಹಿಡಿದರು, ನೆಲಕ್ಕೆ ಮ್ಯಾಟ್ ಹಾಸಿದರು, ಅದಾದ ವರ್ಷದೊಳಗೆ ಕೆಲಸವನ್ನೂ ಬಿಟ್ಟರು.

ಈ ಪ್ರಕರಣ ಶುರುವಾಗುವ ಹೊತ್ತಿಗೆ ಶಾಲೆಯ ಪಟ್ಟಿಯಲ್ಲಿ 90 ಮಕ್ಕಳಿದ್ದರು. ತಿಂಗಳ ಶುಲ್ಕ 500 ರೂಪಾಯಿ. ಆದರೆ ತಿಂಗಳು ಮುಗಿಯುವುದರೊಳಗೆ ನಿಜವಾಗಿ ಕಟ್ಟುತ್ತಿದ್ದವರು 60ರ ಆಸುಪಾಸು. ಉಳಿದವರದು "ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ ಮೇಷ್ಟ್ರೇ" ಎಂಬ ಬಾಬತ್ತು. ಎರಡು ಖಾಸಗಿ ಶಾಲೆಗಳಲ್ಲಿ ವಾರಕ್ಕೆರಡು ಅವಧಿ ಕಲಿಸುವುದಕ್ಕೆ ಸೇರಿ 12,000 ಬರುತ್ತಿತ್ತು. ಖರ್ಚಿನ ಕಡೆ ಬಾಡಿಗೆ 14,000, ವಿದ್ಯುತ್ತು ಮತ್ತು ಸ್ವಚ್ಛತೆಗೆ 2,000, ಇಬ್ಬರು ಸಹಾಯಕರಿಗೆ ತಲಾ 4,000. ಎಲ್ಲ ಕಳೆದು ಮನೆಗೆ ಉಳಿಯುತ್ತಿದ್ದದ್ದು ತಿಂಗಳಿಗೆ 18,000. ಸರ್ಕಾರಿ ಪ್ರೌಢಶಾಲೆಗಳ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ನಡೆಯುವ ಮೂರು ತಿಂಗಳ ಆತ್ಮರಕ್ಷಣೆ ತರಬೇತಿಯೂ ಕೆಲವು ವರ್ಷ ಸಿಗುತ್ತಿತ್ತು. ಅದು ಖಾಯಂ ಅಲ್ಲ, ಹಣ ಕೈಗೆ ಬರುವುದೂ ತಡ, ಆದ್ದರಿಂದ ಅದನ್ನು ಲೆಕ್ಕದಿಂದ ಹೊರಗಿಟ್ಟಿದ್ದೇನೆ.

18,000ದಲ್ಲಿ ನಾಲ್ಕು ಜನರ ಮನೆ ನಡೆಯುವುದಿಲ್ಲ. ಅದನ್ನು ನಡೆಸುತ್ತಿದ್ದದ್ದು ಒಂದು ಬಣ್ಣದ ಬೆಲ್ಟಿನಿಂದ ಮುಂದಿನದಕ್ಕೆ ಏರಿಸುವ ಬೆಲ್ಟ್ ಪರೀಕ್ಷೆ. ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆ, ತಲಾ 1,200 ರೂಪಾಯಿ, ಕೂರುವವರು ಸುಮಾರು 70 ಮಕ್ಕಳು. ಬಂದ 84,000ದಲ್ಲಿ ಮಾತೃಸಂಸ್ಥೆಯ ನೋಂದಣಿ, ಪ್ರಮಾಣಪತ್ರ ಮತ್ತು ಬೆಲ್ಟ್‌ಗೆ ತಲಾ 500ರಂತೆ 35,000, ಬೆಂಗಳೂರಿನಿಂದ ಬರುವ ಪರೀಕ್ಷಕರ ಪ್ರಯಾಣ ಮತ್ತು ಗೌರವಧನಕ್ಕೆ 6,000 ಹೋಗಿ 43,000 ಉಳಿಯುತ್ತಿತ್ತು. ತಿಂಗಳಿಗೆ ಹಂಚಿದರೆ 10,750. ಅಂದರೆ ಮನೆಯ ಆದಾಯದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು. ತಿಂಗಳ ಶುಲ್ಕವನ್ನು ಕಡಿಮೆ ಇಟ್ಟು ಪರೀಕ್ಷೆಯಲ್ಲಿ ಅದನ್ನು ತುಂಬಿಕೊಳ್ಳುವ ಈ ಪದ್ಧತಿ ಈ ಒಂದು ಶಾಲೆಯದಲ್ಲ. ಸಣ್ಣ ಊರುಗಳಲ್ಲಿ ನಾನು ನೋಡಿರುವ ಹೆಚ್ಚಿನ ತರಗತಿಗಳು ಹೀಗೆಯೇ ನಡೆಯುತ್ತವೆ, ಏಕೆಂದರೆ ಹೊಸದಾಗಿ ವಿಚಾರಿಸಲು ಬರುವ ಪೋಷಕರು ಕೇಳುವ ಮೊದಲ ಪ್ರಶ್ನೆಯೇ ತಿಂಗಳಿಗೆ ಎಷ್ಟು ಎಂಬುದು.

ತೊಂದರೆ ಕಾಣಿಸಿಕೊಂಡ ಬಗೆ

ಪರೀಕ್ಷೆಯ ಹಣದಿಂದ ಬಾಡಿಗೆ ಕಟ್ಟುವ ಶಿಕ್ಷಕ ಯಾರನ್ನೂ ಅನುತ್ತೀರ್ಣ ಮಾಡಲಾರ. ಇದನ್ನು ಆ ಶಿಕ್ಷಕರು ಬಾಯಿಬಿಟ್ಟು ಒಪ್ಪಿಕೊಳ್ಳುವುದಕ್ಕೆ ಮುಂಚೆ ಹಾಜರಿ ಪುಸ್ತಕವೇ ಹೇಳುತ್ತಿತ್ತು: ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಪರೀಕ್ಷೆಗೆ ಕೂತ ಒಂದು ಮಗುವೂ ಬೆಲ್ಟ್ ಇಲ್ಲದೆ ಮನೆಗೆ ಹೋಗಿರಲಿಲ್ಲ. ವ್ಯವಸ್ಥೆ ಎಷ್ಟು ಪಳಗಿತ್ತೆಂದರೆ, ಪರೀಕ್ಷೆಗೆ ಒಂದು ವಾರ ಮೊದಲೇ ಹೆಸರು ಮುದ್ರಿಸಿದ ಪ್ರಮಾಣಪತ್ರಗಳು ಬಸ್ಸಿನ ಪಾರ್ಸೆಲ್‌ನಲ್ಲಿ ಬೆಲ್ಟ್‌ಗಳ ಜೊತೆಗೇ ಬಂದು ಕಚೇರಿಯ ಬೀರುವಿನಲ್ಲಿ ಕೂತಿರುತ್ತಿದ್ದವು.

ಮೊದಲ ಎಚ್ಚರಿಕೆ ಹೊರಗಿನಿಂದ ಬಂತು. ತಂದೆಗೆ ವರ್ಗವಾಗಿ ಮೈಸೂರಿಗೆ ಹೋದ ನೀಲಿ ಬೆಲ್ಟಿನ ಒಬ್ಬ ಹುಡುಗನನ್ನು ಅಲ್ಲಿನ ಹೊಸ ತರಗತಿಯವರು ಬಿಳಿ ಬೆಲ್ಟ್ ಕಟ್ಟಿಸಿ ಕೊನೆಯ ಸಾಲಿನಲ್ಲಿ ನಿಲ್ಲಿಸಿದರು. ತಂದೆ ಫೋನ್ ಮಾಡಿ ಜಗಳವಾಡಲಿಲ್ಲ. "ಸರ್, ನಾಲ್ಕು ಸರ್ಟಿಫಿಕೇಟ್ ಇದೆಯಲ್ಲ, ಅವಕ್ಕೆ ಬೆಲೆ ಇಲ್ವಾ?" ಎಂದಷ್ಟೇ ಕೇಳಿದರು. ಬೇರೆ ಸಂಸ್ಥೆ, ಬೇರೆ ನಿಯಮ ಎಂದು ಶಿಕ್ಷಕರು ಸಮಾಧಾನ ಹೇಳಿದರು. ಅದು ಸುಳ್ಳಲ್ಲ, ದೇಶದಲ್ಲಿ ಕರಾಟೆ ಸಂಸ್ಥೆಗಳು ಹಲವು, ಒಬ್ಬರ ದರ್ಜೆಯನ್ನು ಇನ್ನೊಬ್ಬರು ಮಾನ್ಯ ಮಾಡಬೇಕೆಂಬ ಕಡ್ಡಾಯವಿಲ್ಲ. ಆದರೆ ಹುಡುಗನನ್ನು ಹಿಂದಕ್ಕೆ ನಿಲ್ಲಿಸಿದ್ದು ಪ್ರಮಾಣಪತ್ರ ನೋಡಿ ಅಲ್ಲ, ಅವನು ಮಾಡಿ ತೋರಿಸಿದ ಕಟಾ (ಗೊತ್ತಾದ ಕ್ರಮದ ಚಲನೆಗಳ ಸರಣಿ) ನೋಡಿ.

ಎರಡನೆಯದು ಹಾಲಿನೊಳಗೇ ಇತ್ತು. ಕಂದು ಬೆಲ್ಟಿನ ಇಬ್ಬರು ಸಹಾಯಕರಲ್ಲಿ ಒಬ್ಬರು ಚಿಕ್ಕವರಿಗೆ ಶೂತೊ-ಉಕೆ (ಅಂಗೈ ಅಂಚಿನ ತಡೆ) ಕಲಿಸುವಾಗ, ಕೊಕುತ್ಸು-ದಾಚಿ ಎಂಬ ನಿಲುವಿನಲ್ಲಿ ಹಿಂದಿನ ಕಾಲಿನ ಮೇಲೆ ಇರಬೇಕಾದ ಭಾರವನ್ನು ಎರಡೂ ಕಾಲಿಗೆ ಸಮನಾಗಿ ಹಂಚಿ ನಿಲ್ಲುತ್ತಿದ್ದರು. ಹಿಂದಿನ ಕಾಲಿಗೆ ನೂರರಲ್ಲಿ ಎಪ್ಪತ್ತು ಪಾಲು ಭಾರ ಎಂಬುದು ಆ ಶೈಲಿಯ ಮೊದಲ ಪಾಠಗಳಲ್ಲೊಂದು. ಅವರು ನಿಂತಂತೆ ಅವರೆದುರಿನ ಇಪ್ಪತ್ತು ಮಕ್ಕಳೂ ನಿಲ್ಲುತ್ತಿದ್ದರು. ಆ ಸಹಾಯಕರನ್ನು ಪರೀಕ್ಷೆಯ ಮೇಲೆ ಪರೀಕ್ಷೆ ದಾಟಿಸಿ ಕಂದು ಬೆಲ್ಟಿಗೆ ತಂದದ್ದು ಇದೇ ಶಾಲೆ. ಸುಲಭವಾಗಿ ಕೊಟ್ಟ ಬೆಲ್ಟು ಒಬ್ಬ ಹುಡುಗನಲ್ಲೇ ನಿಲ್ಲದೆ, ಅವನು ಮುಂದೆ ಕಲಿಸುವವನಾದಾಗ ಒಂದು ಸಾಲಿಗೇ ಹರಡುತ್ತದೆ ಎಂಬುದು ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಂಡ ಸಂಗತಿ.

ಹನ್ನೊಂದು ಹಾಳೆಗಳು

ಅಕ್ಟೋಬರ್‌ನಲ್ಲಿ, ದಸರಾ ರಜೆ ಮುಗಿದ ಮೇಲಿನ ಪರೀಕ್ಷೆಗೆ ಎಂದಿನ ಪರೀಕ್ಷಕರು ಅನಾರೋಗ್ಯದಿಂದ ಬರಲಾಗದೆ, ಮಾತೃಸಂಸ್ಥೆ ಇನ್ನೊಬ್ಬ ಹಿರಿಯರನ್ನು ಕಳುಹಿಸಿತು. ಅವರು ಒಂದು ಸಣ್ಣ ಬದಲಾವಣೆ ಮಾಡಿದರು. ಹೇಯಾನ್ ಶೋದಾನ್ ಎಂಬ ಕಟಾ ಮಾಡಿಸುವಾಗ ಎಲ್ಲರನ್ನೂ ಒಂದೇ ದಿಕ್ಕಿಗೆ ನಿಲ್ಲಿಸದೆ, ಒಬ್ಬನನ್ನು ಬಾಗಿಲ ಕಡೆಗೆ, ಪಕ್ಕದವನನ್ನು ಕಿಟಕಿಯ ಕಡೆಗೆ, ಮತ್ತೊಬ್ಬನನ್ನು ಹಿಂಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಪಕ್ಕದವರನ್ನು ನೋಡಿಕೊಂಡು ತಿರುಗುತ್ತಿದ್ದ ಮಕ್ಕಳಿಗೆ ಎತ್ತ ತಿರುಗಬೇಕೆಂದೇ ತಿಳಿಯಲಿಲ್ಲ. ಮೂರನೇ ಅಗೆ-ಉಕೆಗೆ (ಮೇಲ್ಮುಖದ ತಡೆ) ಕಿಯಾಯ್ ಎಂದು ಕೂಗುವವರೆಗೆ ಹೇಗೋ ಬಂದವರು ಅದರ ಮುಂದಿನ ಮುಕ್ಕಾಲು ಸುತ್ತಿನ ತಿರುವಿನಲ್ಲಿ ನಿಂತೇಬಿಟ್ಟರು. ಹಸಿರು ಬೆಲ್ಟಿನಿಂದ ನೀಲಿಗೆ ಕೂತಿದ್ದವರು ಕೂಡ ಅದರಲ್ಲಿದ್ದರು. ಅವರು ಬಿಳಿ ಬೆಲ್ಟಿನಲ್ಲೇ ಕಲಿತಿರಬೇಕಾದ ಕಟಾ ಅದು.

ಸಂಜೆ ಪರೀಕ್ಷಕರು 70 ಹಾಳೆಗಳಲ್ಲಿ 11ನ್ನು ಬೇರೆಯಾಗಿ ತೆಗೆದು ಮೇಜಿನ ಮೇಲಿಟ್ಟು, "ಇವಕ್ಕೆ ನಾನು ಸಹಿ ಹಾಕೋದಿಲ್ಲ. ನೀವು ಹಾಕ್ಕೊಳ್ಳೋದಾದ್ರೆ ನಿಮ್ಮಿಷ್ಟ" ಎಂದರು. ಬೀರುವಿನಲ್ಲಿ ಆ ಹನ್ನೊಂದೂ ಹೆಸರಿನ ಪ್ರಮಾಣಪತ್ರಗಳು ಸಿದ್ಧವಿದ್ದವು, ಹಣ ಬಂದಾಗಿತ್ತು, ಮಾರನೆಯ ದಿನ ಬೆಲ್ಟ್ ವಿತರಣೆಗೆ ಸ್ಥಳೀಯ ಗಣ್ಯರೊಬ್ಬರನ್ನು ಕರೆದಾಗಿತ್ತು. ಶಿಕ್ಷಕರು ರಾತ್ರಿ ಹನ್ನೊಂದು ಮನೆಗಳಿಗೂ ಫೋನ್ ಮಾಡಿ, ನಿಮ್ಮ ಮಗು ಇನ್ನಷ್ಟು ಅಭ್ಯಾಸ ಮಾಡಬೇಕು, ಒಂದು ತಿಂಗಳ ನಂತರ ಶುಲ್ಕವಿಲ್ಲದೆ ಮರುಪರೀಕ್ಷೆ ಇಡುತ್ತೇನೆ ಎಂದು ತಿಳಿಸಿದರು.

ಈ ನಿರ್ಧಾರ ಸರಿಯೇ, ಆದರೆ ತೆಗೆದುಕೊಂಡ ಕ್ರಮ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಣ ಮೊದಲು ಪಡೆದು, ಐದು ವರ್ಷ ಯಾರನ್ನೂ ತಡೆಯದೆ, ಒಂದು ಸಂಜೆ ಇದ್ದಕ್ಕಿದ್ದಂತೆ ತಡೆದರೆ ಪೋಷಕರ ಕಣ್ಣಿಗೆ ಅದು ಗುಣಮಟ್ಟವಾಗಿ ಕಾಣುವುದಿಲ್ಲ, ಮೋಸವಾಗಿ ಕಾಣುತ್ತದೆ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂದೇ ರಾತ್ರಿ ಆರಂಭವಾದ ಪ್ರಶ್ನೆಗಳ ಧಾಟಿಯೂ ಅದೇ ಆಗಿತ್ತು: ದುಡ್ಡು ತಗೊಂಡು ಫೇಲ್ ಮಾಡೋದು ಯಾವ ನ್ಯಾಯ? ನಾಲ್ಕು ತಿಂಗಳು ಕಲಿಸಿದ್ದು ಯಾರು? ಎರಡನೆಯ ಪ್ರಶ್ನೆಗೆ ಶಿಕ್ಷಕರ ಬಳಿ ಉತ್ತರವಿರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಹನ್ನೊಂದರಲ್ಲಿ ನಾಲ್ಕು ಮಕ್ಕಳು ಮರುಪರೀಕ್ಷೆಗೆ ಬಂದು ತೇರ್ಗಡೆಯಾದರು. ಏಳು ಮಕ್ಕಳು ಬಿಟ್ಟುಹೋದರು. ಅವರ ತಮ್ಮ ತಂಗಿಯರು, ಅವರ ಜೊತೆ ಆಟೊದಲ್ಲಿ ಬರುತ್ತಿದ್ದ ಗೆಳೆಯರು ಎಲ್ಲ ಸೇರಿ ಡಿಸೆಂಬರ್ ವೇಳೆಗೆ ಪಟ್ಟಿಯಿಂದ ಕಳಚಿದ್ದು 19 ಹೆಸರು. ಬಸ್ ನಿಲ್ದಾಣದ ಆಚೆ ಬದಿಯ ಇನ್ನೊಂದು ತರಗತಿಯವರು ಬಂದವರಿಗೆ ಆಯಾ ಬೆಲ್ಟನ್ನೇ ಕೊಟ್ಟು ಸೇರಿಸಿಕೊಂಡರು.

ನಡುವಿನ ಪ್ರಯತ್ನಗಳು

ನವೆಂಬರ್‌ನಿಂದ ಶಿಕ್ಷಕರು ಟೇಪು ಪದ್ಧತಿಯನ್ನು ತಂದರು. ಒಂದು ಬೆಲ್ಟಿಗೆ ಬೇಕಾದ ಪಾಠವನ್ನು ಮೂರು ಭಾಗ ಮಾಡಿ, ಒಂದೊಂದು ಭಾಗ ಒಪ್ಪಿಸಿದಾಗ ಬೆಲ್ಟಿನ ತುದಿಗೆ ಒಂದು ಬಣ್ಣದ ಟೇಪು ಸುತ್ತುವುದು, ಮೂರು ಟೇಪು ಆದವರು ಮಾತ್ರ ಪರೀಕ್ಷೆಗೆ ಕೂರುವುದು, ಇದಕ್ಕೆ ಹಣವಿಲ್ಲ. ಹಲವು ದೇಶಗಳ ಶಾಲೆಗಳಲ್ಲಿ ಇದು ರೂಢಿಯಲ್ಲಿದೆ, ತತ್ವವೂ ಸರಿಯಾಗಿದೆ. ಆದರೆ ಟೇಪು ಸುತ್ತುವ ಅಧಿಕಾರ ಸಹಾಯಕರ ಕೈಗೂ ಹೋಯಿತು. ಒಬ್ಬ ಸಹಾಯಕರು ತಮ್ಮ ಬಡಾವಣೆಯ ಮಕ್ಕಳಿಗೆ ಧಾರಾಳವಾಗಿ ಸುತ್ತಿದರೆ, ಇನ್ನೊಬ್ಬರು ಬಿಗಿ ಹಿಡಿದರು. ಮಕ್ಕಳು ಕಟಾದ ಬಗ್ಗೆ ಮಾತಾಡುವುದನ್ನು ಬಿಟ್ಟು ಯಾರ ಬೆಲ್ಟಿನಲ್ಲಿ ಎಷ್ಟು ಟೇಪು ಎಂದು ಎಣಿಸತೊಡಗಿದರು. ನಾಲ್ಕು ಬೆಲ್ಟ್ ಇದ್ದ ಕಡೆ ಹನ್ನೆರಡು ಪುಟ್ಟ ಬೆಲ್ಟ್‌ಗಳಾದಂತೆ ಆಯಿತು.

ಫೆಬ್ರುವರಿ ಪರೀಕ್ಷೆಗೆ ಕೂತವರು 41 ಮಕ್ಕಳು. ಹಳೆಯ ದರದಲ್ಲೇ ನಡೆದ ಆ ಪರೀಕ್ಷೆಯಿಂದ ಉಳಿದದ್ದು 22,700. ಹಿಂದಿನದರ ಅರ್ಧ ಮಾತ್ರ. ತಿಂಗಳ ಶುಲ್ಕ ಸಮಯಕ್ಕೆ ಕಟ್ಟುವವರೂ 60ರಿಂದ 47ಕ್ಕೆ ಇಳಿದಿದ್ದರು. ಎಲ್ಲ ಸೇರಿಸಿದರೆ 28,750 ಇದ್ದ ತಿಂಗಳ ಆದಾಯ 17,000ದ ಹತ್ತಿರ ಬಂದು ನಿಂತಿತ್ತು. ಮಾರ್ಚ್‌ನಲ್ಲಿ ವಾರ್ಷಿಕ ಶಾಲಾ ಪರೀಕ್ಷೆಯ ನೆಪದಲ್ಲಿ ಮಕ್ಕಳು ಇನ್ನಷ್ಟು ಕಡಿಮೆಯಾದರು, ಎರಡು ತಿಂಗಳ ಬಾಡಿಗೆ ಬಾಕಿ ಬಿತ್ತು.

ಈ ಹೊತ್ತಿನಲ್ಲಿ ಮಾತೃಸಂಸ್ಥೆಯ ಹಿರಿಯರು ಕರೆಸಿ ಮಾತಾಡಿದರು. ನೋಂದಣಿ ಇಳಿದದ್ದು ಅವರ ಗಮನಕ್ಕೂ ಬಂದಿತ್ತು. ಅವರೇ ಇವರಿಗೆ ಹುಡುಗಪ್ರಾಯದಿಂದ ಕಲಿಸಿದ ಗುರುಗಳಾದ್ದರಿಂದ ಮಾತು ಕಡಿದು ಹೋಗುವ ಮಟ್ಟಕ್ಕೆ ಬೆಳೆಯಲಿಲ್ಲ.

"ಬೆಲ್ಟ್ ಕೊಡದೆ ಇದ್ರೆ ಮಕ್ಕಳು ಉಳೀತಾರೇನೋ? ಮೊದಲು ಉಳಿಸ್ಕೋ, ಆಮೇಲೆ ತಿದ್ದು."

"ಗುರುಗಳೇ, ಐದು ವರ್ಷದಿಂದ ಉಳಿಸ್ಕೊಂಡೇ ಬಂದಿದ್ದೀನಿ. ತಿದ್ದೋಕೆ ಮಾತ್ರ ಆಗ್ಲಿಲ್ಲ."

ಹಿರಿಯರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಡಾನ್ ಪದ್ಧತಿಯನ್ನು ಜೂಡೊದ ಜಿಗೋರೊ ಕಾನೊ 1880ರ ದಶಕದಲ್ಲಿ ತಂದರು, ಗಿಚಿನ್ ಫುನಾಕೊಶಿ ಅದನ್ನು ಕರಾಟೆಗೆ ತೆಗೆದುಕೊಂಡು 1924ರಲ್ಲಿ ಮೊದಲ ಬ್ಲ್ಯಾಕ್ ಬೆಲ್ಟ್‌ಗಳನ್ನು ಕೊಟ್ಟರು. ಅದಕ್ಕೂ ಮೊದಲು ಓಕಿನಾವಾದಲ್ಲಿ ಕರಾಟೆ ಬಣ್ಣದ ಬೆಲ್ಟ್‌ಗಳಿಲ್ಲದೆಯೇ ನಡೆದುಬಂದಿತ್ತು. ಬಿಳಿಗೂ ಕಪ್ಪಿಗೂ ನಡುವಿನ ಹಳದಿ, ಕಿತ್ತಳೆ, ಹಸಿರು, ನೀಲಿಗಳು ಹೆಚ್ಚು ಪ್ರಚಾರಕ್ಕೆ ಬಂದದ್ದು ಯುರೋಪಿನ ಜೂಡೊ ಶಾಲೆಗಳಿಂದ, ದೂರದ ಗುರಿಯನ್ನು ಹತ್ತಿರದ ಮೆಟ್ಟಿಲುಗಳಾಗಿ ಒಡೆದು ಕಲಿಯುವವರ ಉತ್ಸಾಹವನ್ನು ಕಾಯುವುದಕ್ಕಾಗಿಯೇ. ಎಂಟು ವರ್ಷದ ಮಗುವಿಗೆ ಆ ಮೆಟ್ಟಿಲು ಬೇಕು. ಹೀಗಿರುವಾಗ ಬೆಲ್ಟ್‌ಗಳು ಮಕ್ಕಳನ್ನು ಹಿಡಿದಿಡುತ್ತವೆ ಎನ್ನುವುದರಲ್ಲಿ ತಪ್ಪಿಲ್ಲ. ಈ ಶಾಲೆಯ ತೊಂದರೆ ಮೆಟ್ಟಿಲುಗಳದಲ್ಲ. ಪ್ರತಿ ಮೆಟ್ಟಿಲಿಗೂ ಬಾಡಿಗೆಯ ಒಂದು ಕಂತು ಕಟ್ಟಿಹಾಕಿದ್ದದ್ದು.

ತಿರುವು: ಬೇಸಿಗೆ ಶಿಬಿರ ಮತ್ತು ಜೂನ್ ತಿಂಗಳ ಲೆಕ್ಕ

ಏಪ್ರಿಲ್‌ನಲ್ಲಿ ಪ್ರತಿ ವರ್ಷ ನಡೆಯುತ್ತಿದ್ದ ಇಪ್ಪತ್ತು ದಿನಗಳ ಬೇಸಿಗೆ ಶಿಬಿರದ ಕರಪತ್ರದಲ್ಲಿ "ಶಿಬಿರದ ಕೊನೆಗೆ ಹಳದಿ ಬೆಲ್ಟ್" ಎಂಬ ಸಾಲು ದೊಡ್ಡಕ್ಷರದಲ್ಲಿ ಇರುತ್ತಿತ್ತು. ಬಾಡಿಗೆ ಬಾಕಿ ಇದ್ದ ಆ ವರ್ಷವೇ ಶಿಕ್ಷಕರು ಆ ಸಾಲನ್ನು ತೆಗೆದುಹಾಕಿದರು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ತಿರುವು ಇದು, ಅಕ್ಟೋಬರ್ ಪರೀಕ್ಷೆಯಲ್ಲ. ಏಕೆಂದರೆ ಅಂದು ಪರೀಕ್ಷಕರು ಅವರ ಕೈ ಹಿಡಿದಿದ್ದರು, ಇಲ್ಲಿ ಅವರು ತಾವಾಗಿಯೇ, ಹಣ ಅತ್ಯಂತ ಬೇಕಾಗಿದ್ದಾಗ, ತೀರ್ಮಾನಿಸಿದರು. 1,500 ರೂಪಾಯಿಯ ಶಿಬಿರಕ್ಕೆ ಹಿಂದಿನ ವರ್ಷಗಳಲ್ಲಿ 60ರಷ್ಟು ಮಕ್ಕಳು ಬರುತ್ತಿದ್ದರು, ಈ ಬಾರಿ ಬಂದವರು 38. ಆದರೂ ಬಂದ 57,000ದಲ್ಲಿ ಬಾಡಿಗೆ ಬಾಕಿ ತೀರಿತು. ಹಿಂದೆ ಶಿಬಿರದ 60ರಲ್ಲಿ ಜೂನ್ ನಂತರವೂ ಉಳಿಯುತ್ತಿದ್ದವರು ಎಂಟೋ ಹತ್ತೋ. ಈ 38ರಲ್ಲಿ 13 ಮಕ್ಕಳು ಉಳಿದರು. ಹಳದಿ ಬೆಲ್ಟ್ ಸಿಕ್ಕವರಿಗೆ ಕರಾಟೆ ಮುಗಿದಂತೆ ಅನಿಸುತ್ತಿತ್ತೇನೋ, ಸಿಗದವರಿಗೆ ಮುಂದುವರಿಯಲು ಒಂದು ಕಾರಣ ಉಳಿಯಿತು. ಒಂದು ವರ್ಷದ ಅಂಕಿಯಿಂದ ಇದಕ್ಕಿಂತ ಹೆಚ್ಚು ಹೇಳಲಾಗದು.

ಜೂನ್‌ನಲ್ಲಿ ಶಾಲೆಗಳು ತೆರೆಯುವ ಮುನ್ನ ಪೋಷಕರ ಸಭೆ ಕರೆದು ಅವರು ಹೊಸ ಲೆಕ್ಕವನ್ನು ಬಿಳಿ ಹಲಗೆಯ ಮೇಲೆ ಬರೆದರು. ತಿಂಗಳ ಶುಲ್ಕ 500ರಿಂದ 700. ಪರೀಕ್ಷೆ ವರ್ಷಕ್ಕೆ ಮೂರರ ಬದಲು ಎರಡು. ಪರೀಕ್ಷಾ ಶುಲ್ಕ 1,200ರ ಬದಲು 600, ಅದೂ ಫಲಿತಾಂಶ ಬಂದ ನಂತರ, ತೇರ್ಗಡೆಯಾದವರಿಂದ ಮಾತ್ರ. ಆ 600 ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆದರು, ನೋಂದಣಿ, ಪ್ರಮಾಣಪತ್ರ ಮತ್ತು ಬೆಲ್ಟ್‌ಗೆ 500, ಪರೀಕ್ಷಕರ ಖರ್ಚಿನ ಪಾಲು 100. ಹಿಂದೆ ಒಂದು ಮಗುವಿಗೆ ವರ್ಷಕ್ಕೆ ತಗಲುತ್ತಿದ್ದದ್ದು 6,000 ಮತ್ತು 3,600 ಸೇರಿ 9,600. ಈಗ ತಗಲುವುದು 8,400 ಮತ್ತು 1,200 ಸೇರಿ ಅದೇ 9,600. ಹಲಗೆಯ ಮುಂದೆ ಎದ್ದು ನಿಂತು ಕೂಡಿ ನೋಡಿದವರು ಕಿರಾಣಿ ಅಂಗಡಿಯ ಒಬ್ಬ ತಂದೆ. "ನಮಗೇನೂ ಜಾಸ್ತಿ ಆಗ್ಲಿಲ್ಲವಲ್ಲ, ಹಾಗಾದ್ರೆ ನಿಮಗೇನು ಲಾಭ?" ಎಂದು ಅವರು ಕೇಳಿದ ಪ್ರಶ್ನೆಗೆ ಶಿಕ್ಷಕರು ಕೊಟ್ಟ ಉತ್ತರ ಚಿಕ್ಕದು: "ನಿಮ್ಮ ಮಗನಿಗೆ ಬರಲ್ಲ ಅಂತ ನಿಮಗೆ ಹೇಳಬಹುದು ಅಣ್ಣ."

ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೋಷಕರ ಖರ್ಚು ಹಾಗೆಯೇ ಉಳಿದು ಶಾಲೆಯ ಪಾಲು ಸ್ವಲ್ಪ ಹೆಚ್ಚಿದ್ದು ಪರೀಕ್ಷೆಯೊಂದು ಕಡಿಮೆಯಾದ್ದರಿಂದ. ಅಂದರೆ ಮಗುವೊಂದಕ್ಕೆ ವರ್ಷಕ್ಕೆ ಒಂದು ನೋಂದಣಿಯಷ್ಟು ಮಾತೃಸಂಸ್ಥೆಗೆ ಖೋತಾ ಆಯಿತು. ಗುರುಗಳ ಅಸಮಾಧಾನಕ್ಕೆ ಇದೂ ಕಾರಣವಿರಬಹುದು. ಹೆಸರು ಮುದ್ರಿಸಿದ ಪ್ರಮಾಣಪತ್ರಗಳನ್ನು ಪರೀಕ್ಷೆಯ ನಂತರ, ತೇರ್ಗಡೆಯಾದವರ ಪಟ್ಟಿ ನೋಡಿ ಕಳುಹಿಸಬೇಕು ಎಂಬ ಕೋರಿಕೆಗೆ ಅವರು ಒಪ್ಪಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬೆಲ್ಟ್ ವಿತರಣೆಯ ಸಮಾರಂಭವನ್ನು ಪರೀಕ್ಷೆಯ ಮಾರನೆಯ ದಿನ ಇಡುತ್ತಿದ್ದ ಪದ್ಧತಿಯನ್ನು ಶಿಕ್ಷಕರು ಕೈಬಿಟ್ಟರು. ಗಣ್ಯರ ಭಾಷಣಗಳೂ ಅದರ ಜೊತೆಗೆ ಹೋದವು, ಅದಕ್ಕೆ ಯಾರೂ ದೂರಿದ ಹಾಗಿಲ್ಲ.

ಹಳೆಯ ಮಕ್ಕಳಿಗೆ ಹಳೆಯ ತಿಂಗಳ ಶುಲ್ಕವೇ ದಸರಾದವರೆಗೆ ಮುಂದುವರಿಯಿತು. ಒಂದೇ ಮನೆಯ ಎರಡನೆಯ ಮಗುವಿಗೆ 500 ಎಂದು ನಿಗದಿಯಾಯಿತು. ಕಟ್ಟಲಾಗದ ಕೆಲವು ಮನೆಗಳ ಮಕ್ಕಳನ್ನು ರಿಯಾಯಿತಿಯಲ್ಲಿ ಉಳಿಸಿಕೊಂಡರು, ಆದರೆ ಆ ಹೆಸರುಗಳನ್ನು ಸಹಾಯಕರಿಗೂ ತಿಳಿಸಲಿಲ್ಲ. ಹಿಂದೆ ಶುಲ್ಕ ಬಾಕಿಯವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದ ಶಾಲೆ ಅದು ಎಂಬುದನ್ನು ನೆನಪಿಟ್ಟರೆ ಈ ಗುಟ್ಟಿನ ಬೆಲೆ ತಿಳಿಯುತ್ತದೆ.

ಶನಿವಾರದ ಪೂರ್ವಪರೀಕ್ಷೆ

ಹಣದ ವ್ಯವಸ್ಥೆ ಬದಲಾದ ಮಾತ್ರಕ್ಕೆ ಮಗುವನ್ನು ತಡೆಹಿಡಿಯುವ ನೋವು ಹೋಗುವುದಿಲ್ಲ. ಅದಕ್ಕೆ ಶಿಕ್ಷಕರು ಕಂಡುಕೊಂಡ ದಾರಿ, ಪರೀಕ್ಷೆಗೆ ಮೂರು ವಾರ ಮೊದಲಿನ ಶನಿವಾರ ಸಂಜೆ ಪೋಷಕರ ಎದುರಿಗೇ ಒಂದು ಪೂರ್ವಪರೀಕ್ಷೆ ನಡೆಸುವುದು. ಅದರಲ್ಲಿ ಒಪ್ಪಿಸಿದವರಿಗೆ ಮಾತ್ರ ಪರೀಕ್ಷೆಯ ಅರ್ಜಿ. ಟೇಪು ಪದ್ಧತಿ ಇದರೊಂದಿಗೆ ತಾನಾಗಿಯೇ ಬಿದ್ದುಹೋಯಿತು.

ಅಕ್ಟೋಬರ್‌ನಲ್ಲಿ ಪರೀಕ್ಷಕರು ಮಾಡಿದ ಉಪಾಯವನ್ನೇ ಅವರು ಇಲ್ಲಿಗೂ ತಂದರು: ಅಕ್ಕಪಕ್ಕದ ಮಕ್ಕಳು ಬೇರೆ ಬೇರೆ ಗೋಡೆಗೆ ಮುಖ ಮಾಡಿ ನಿಲ್ಲುವುದು. ಗೋಡೆಯುದ್ದಕ್ಕೂ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಪೋಷಕರಿಗೆ ಗೆದಾನ್-ಬರಾಯ್ ಎಂದರೇನು, ಓಯ್-ಜುಕಿ ಎಂದರೇನು ಎಂಬುದು ಗೊತ್ತಿಲ್ಲ. ಆದರೆ ತನ್ನ ಮಗು ತಿರುವಿನಲ್ಲಿ ನಿಂತು ಕತ್ತು ಹೊರಳಿಸಿ ಪಕ್ಕದವನನ್ನು ಹುಡುಕುವುದು ಯಾರಿಗೂ ಕಾಣುತ್ತದೆ. ಮೊದಲ ಶನಿವಾರ ಮೊಮ್ಮಗನ ಜೊತೆ ಬಂದಿದ್ದ ಒಬ್ಬ ಅಜ್ಜಿ, ಅವನು ಎರಡನೆಯ ತಿರುವಿನಲ್ಲಿ ಕಾಲನ್ನು ಹಿಂದಕ್ಕೆಳೆದು ಮುಷ್ಟಿ ಸುತ್ತಿ ಹೊಡೆಯಬೇಕಾದ ಕಡೆ ಸುಮ್ಮನೆ ನಿಂತದ್ದನ್ನು ನೋಡಿ, ಪಕ್ಕದ ಕುರ್ಚಿಯವರಿಗೆ ಕೇಳುವಂತೆ, "ಅಯ್ಯೋ, ಇಷ್ಟು ದಿನ ಇವ ಬೇರೆಯವರನ್ನ ನೋಡ್ಕಂಡೇ ಮಾಡ್ತಿದ್ನಾ!" ಎಂದರು. ಆಮೇಲೆ ಶಿಕ್ಷಕರ ಕಡೆ ತಿರುಗಿ, "ಈ ಸಲ ಬೇಡ ಬಿಡು ತಮ್ಮಾ, ಮುಂದಿನ ಸಲ ಕೂರಿಸು" ಎಂದು ಅವರೇ ತೀರ್ಪು ಕೊಟ್ಟರು. ಶಿಕ್ಷಕರು ಫೋನಿನಲ್ಲಿ ಹನ್ನೊಂದು ಮನೆಗಳಿಗೆ ವಿವರಿಸಲಾಗದ್ದು ಇಲ್ಲಿ ವಿವರಣೆಯಿಲ್ಲದೆ ಮುಗಿಯಿತು.

ಈ ಕ್ರಮದ ಬಲ ಪೋಷಕರು ನೋಡುವುದರಲ್ಲಿ ಇರುವಷ್ಟೇ ಅಪಾಯವೂ ಅಲ್ಲಿಯೇ ಇದೆ. ಸಭೆಯಲ್ಲಿ ಎಡವಿದ ಒಬ್ಬ ಹುಡುಗಿಗೆ ಅವಳ ತಂದೆ ಅಲ್ಲಿಯೇ ಗದರಿದರು. ಅದಾದ ಮೇಲೆ ಒಮ್ಮೆಗೆ ಆರು ಮಕ್ಕಳನ್ನು ಕರೆದು ಅವರ ಮನೆಯವರನ್ನಷ್ಟೇ ಒಳಗೆ ಕೂರಿಸುವ ಪದ್ಧತಿ ಬಂತು, ಫಲಿತಾಂಶವನ್ನು ಹಾಲಿನಲ್ಲಿ ಘೋಷಿಸುವುದು ನಿಂತಿತು. ಸಂಜೆ ಉದ್ದವಾಗುತ್ತದೆ, ಆದರೆ ಬೇರೆ ದಾರಿಯಿಲ್ಲ.

ಸಹಾಯಕರ ಪ್ರಶ್ನೆ

ಮಕ್ಕಳನ್ನು ಅಳೆಯುವ ಕೋಲು ಒಮ್ಮೆ ನಿಂತ ಮೇಲೆ ಅದು ಸಹಾಯಕರ ಮುಂದೆಯೂ ನಿಲ್ಲಬೇಕಾಯಿತು. ಇಬ್ಬರಿಗೂ ಭಾನುವಾರ ಬೆಳಿಗ್ಗೆ ಪ್ರತ್ಯೇಕ ಅಭ್ಯಾಸ, ಹೇಯಾನ್ ಐದೂ ಕಟಾಗಳನ್ನು ಮೊದಲಿನಿಂದ ತಿದ್ದುವುದು ಎಂದು ಶಿಕ್ಷಕರು ಹೇಳಿದಾಗ, ಬಿಗಿ ಹಿಡಿಯುತ್ತಿದ್ದ ಸಹಾಯಕರು ಒಪ್ಪಿದರು. ಇನ್ನೊಬ್ಬರಿಗೆ ಅದು ಅವಮಾನವೆನಿಸಿತು. ಮೂರು ವರ್ಷದಿಂದ ಚಿಕ್ಕವರ ಕಣ್ಣಲ್ಲಿ ಅವರು 'ಮಾಸ್ಟರ್' ಆಗಿದ್ದವರು. ಅದೇ ಹಾಲಿನಲ್ಲಿ ಬಿಳಿ ಬೆಲ್ಟಿನ ಕಟಾ ಮಾಡಿ ತೋರಿಸುವುದು ಸುಲಭದ ಮಾತಲ್ಲ. ಆಗಸ್ಟ್‌ನಲ್ಲಿ ಅವರು ಬಿಟ್ಟುಹೋಗಿ, ತಮ್ಮ ಬಡಾವಣೆಯ ದೇವಸ್ಥಾನದ ಪಕ್ಕದ ಸಭಾಂಗಣದಲ್ಲಿ ಸ್ವಂತ ತರಗತಿ ಆರಂಭಿಸಿದರು. ಅವರ ಜೊತೆ 12 ಮಕ್ಕಳು ಹೋದರು.

ಇದನ್ನು ತಪ್ಪಿಸಬಹುದಿತ್ತೇ? ತಿದ್ದುವ ಕೆಲಸ ಶಿಕ್ಷಕರಿಂದಲೇ ಆರಂಭವಾಗಿದ್ದರೆ ಬಹುಶಃ ಪರಿಸ್ಥಿತಿ ಬೇರೆಯಾಗುತ್ತಿತ್ತು. ಅವರೂ ಭಾನುವಾರ ಸಾಲಿನಲ್ಲಿ ನಿಂತು, ಬೆಂಗಳೂರಿನ ಆ ಹಿರಿಯ ಪರೀಕ್ಷಕರಿಂದ ತಿದ್ದಿಸಿಕೊಂಡದ್ದು ಸಹಾಯಕರು ಹೋದ ನಂತರ. ಮೊದಲೇ ಹಾಗೆ ಮಾಡಿದ್ದರೆ ಭಾನುವಾರದ ಅಭ್ಯಾಸ ಶಿಕ್ಷೆಯಂತೆ ತೋರುತ್ತಿರಲಿಲ್ಲ. ಹೋದವರ ಬಗ್ಗೆ ಶಿಕ್ಷಕರು ಮಕ್ಕಳೆದುರು ಒಂದು ಮಾತೂ ಆಡಲಿಲ್ಲ, ತಾಲ್ಲೂಕು ಮಟ್ಟದ ಕೂಟದಲ್ಲಿ ಸಿಕ್ಕಾಗ ಇಬ್ಬರೂ ಮಾತಾಡುತ್ತಾರೆ. ಸಣ್ಣ ಊರಿನಲ್ಲಿ ಇದು ಸೌಜನ್ಯದಷ್ಟೇ ವ್ಯವಹಾರವೂ ಹೌದು.

ಒಂದೂವರೆ ವರ್ಷದ ನಂತರ

ಹೊಸ ಲೆಕ್ಕ ಜಾರಿಯಾದ ಒಂದೂವರೆ ವರ್ಷಕ್ಕೆ ಪಟ್ಟಿಯಲ್ಲಿ 78 ಮಕ್ಕಳಿದ್ದರು. ತಿಂಗಳೊಳಗೆ ಶುಲ್ಕ ಕಟ್ಟುವವರು 63. ಮಕ್ಕಳು 90 ಇದ್ದಾಗ 60 ಮಂದಿ ಕಟ್ಟುತ್ತಿದ್ದರು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ, ಹೋದವರಲ್ಲಿ ಬಹುಪಾಲು ಹಣ ಕೊಡದವರೇ ಎಂದು ತೋರಬಹುದು. ಅದು ಪೂರ್ತಿ ನಿಜವಲ್ಲ, ಬಿಟ್ಟವರಲ್ಲಿ ಸರಿಯಾಗಿ ಕಟ್ಟುತ್ತಿದ್ದವರೂ ಇದ್ದರು. ಸಮಯಕ್ಕೆ ಕಟ್ಟುವವರು ಹೆಚ್ಚಲು ಮೂರು ತಿಂಗಳ ಶುಲ್ಕವನ್ನು ಒಟ್ಟಿಗೆ ಪಡೆಯುವ ವ್ಯವಸ್ಥೆಯೂ ಒಂದು ಕಾರಣ.

ಆದಾಯ ಹಿಂದಿಗಿಂತ ಹೆಚ್ಚಾಯಿತೇ ಎಂದರೆ ಇಲ್ಲ. ರಿಯಾಯಿತಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 63 ಮಂದಿಯಿಂದ 44,100. ಎರಡು ಖಾಸಗಿ ಶಾಲೆಗಳಲ್ಲಿ ಒಂದು ಕೈತಪ್ಪಿದ್ದರಿಂದ ಅಲ್ಲಿಂದ ಬರುವುದು 6,000ಕ್ಕೆ ಇಳಿದಿದೆ. ವಾರ್ಷಿಕೋತ್ಸವಕ್ಕೆ ಎಲ್ಲ ಮಕ್ಕಳೂ ಬಣ್ಣದ ಬೆಲ್ಟ್ ಕಟ್ಟಿ ವೇದಿಕೆಗೆ ಬರಬೇಕೆಂದು ಆ ಶಾಲೆಯವರು ಬಯಸಿದರು, ಇವರು ಒಪ್ಪಲಿಲ್ಲ. ಹೋದ ಸಹಾಯಕರ ಜಾಗಕ್ಕೆ ಇನ್ನೊಬ್ಬರು ಬಂದಿದ್ದರಿಂದ ಖರ್ಚು ಮೊದಲಿನ 24,000. ಮನೆಗೆ ಉಳಿಯುವುದು 26,100. ಮೊದಲಿಗಿಂತ ಎರಡೂವರೆ ಸಾವಿರದಷ್ಟು ಕಡಿಮೆ. ಆದರೆ ಅದು ತಿಂಗಳು ತಿಂಗಳು ಬರುವ ಹಣ, ಪರೀಕ್ಷೆಯ ದಿನಕ್ಕೆ ಕಾಯುವ ಹಣವಲ್ಲ. ಆ ನಿಶ್ಚಿಂತೆಗೆ ಎರಡೂವರೆ ಸಾವಿರ ಹೆಚ್ಚೇನಲ್ಲ ಎಂದು ಶಿಕ್ಷಕರು ಹೇಳುತ್ತಾರೆ. ಅವರ ಮನೆಯವರು ಅಷ್ಟು ಖಚಿತವಾಗಿ ಹೇಳುವುದಿಲ್ಲ.

ಪರೀಕ್ಷೆಯಲ್ಲಿ ಈಗ ತೇರ್ಗಡೆಯಾಗದವರು ಅಪರೂಪ, ತೇರ್ಗಡೆಯಾಗದಿರುವಿಕೆ ಪೂರ್ವಪರೀಕ್ಷೆಯಲ್ಲಿಯೇ ಮುಗಿಯುತ್ತದೆ. ಪ್ರತಿ ಬಾರಿ ಐದಾರು ಮಕ್ಕಳು ಅಲ್ಲಿ ನಿಲ್ಲುತ್ತಾರೆ, ಹೆಚ್ಚಿನವರು ಮುಂದಿನ ಬಾರಿ ಬರುತ್ತಾರೆ. ಇಂತಹದೇ ಬದಲಾವಣೆ ಮಾಡಲು ಹೊರಟವರಿಗೆ ನಾನು ಹೇಳುವುದಾದರೆ ಕ್ರಮವನ್ನು ತಿರುವು ಮುರುವು ಮಾಡಿ ಎನ್ನುತ್ತೇನೆ: ಮೊದಲು ತಿಂಗಳ ಶುಲ್ಕ ಮತ್ತು ಪರೀಕ್ಷಾ ಶುಲ್ಕವನ್ನು ಸರಿಪಡಿಸಿ, ಅದಾದ ಮೇಲೆ ಪೂರ್ವಪರೀಕ್ಷೆ ತಂದು, ಕೊನೆಗೆ ಬಿಗಿ ಮಾಡುವುದು. ಈ ಶಾಲೆ ಬಿಗಿ ಮಾಡುವುದರಿಂದ ಆರಂಭಿಸಿತು, ಅದಕ್ಕೆ 19 ಮಕ್ಕಳನ್ನು ತೆತ್ತಿತು. ಜೂನ್ ತಿಂಗಳು ಬಿಟ್ಟು ಬೇರೆ ತಿಂಗಳಲ್ಲಿ ಶುಲ್ಕ ಮುಟ್ಟದಿರುವುದೂ ಒಳ್ಳೆಯದು. ಜೂನ್‌ನಲ್ಲಿ ಪೋಷಕರು ಹೇಗೂ ಎಲ್ಲ ಶುಲ್ಕಗಳನ್ನೂ ಹೊಸದಾಗಿ ಕೇಳಿಸಿಕೊಳ್ಳುತ್ತಿರುತ್ತಾರೆ.

ಎಸ್‌ಎಸ್‌ಎಲ್‌ಸಿಯ ಸಮಸ್ಯೆ ಮಾತ್ರ ಹಾಗೆಯೇ ಇದೆ. ಒಂಬತ್ತನೇ ತರಗತಿಯ ಕೊನೆಗೆ ಹಸಿರು, ನೀಲಿ, ಕಂದು ಬೆಲ್ಟಿನವರು ಗುಂಪಾಗಿ ಹೊರಡುತ್ತಾರೆ. ಹತ್ತನೆಯವರಿಗೆ ಶುಲ್ಕವಿಲ್ಲದ ಒಂದು ವರ್ಷದ ರಜೆ, ವಾರಕ್ಕೊಂದು ದಿನ ಬೇಕೆಂದಾಗ ಬರುವ ಅವಕಾಶ ಎಂಬ ವ್ಯವಸ್ಥೆ ಮಾಡಿದ್ದಾರೆ. ಪಿಯುಸಿಗೆ ಬಂದ ಮೇಲೆ ಮರಳಿದವರು ಒಬ್ಬಿಬ್ಬರು. 2020ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಇದ್ದಾಗ ಪೋಷಕರಿಗೆ ಹೇಳಲು ಒಂದು ಮಾತಿತ್ತು, 2024ರ ಪ್ಯಾರಿಸ್‌ನಲ್ಲಿ ಅದನ್ನು ಕೈಬಿಟ್ಟ ಮೇಲೆ ಆ ಮಾತೂ ಇಲ್ಲ. ಇದಕ್ಕೆ ಬೆಲ್ಟ್ ಪರೀಕ್ಷೆಯ ಸುಧಾರಣೆಯಿಂದ ಪರಿಹಾರ ಸಿಗುವುದಿಲ್ಲ.

ಕಳೆದ ತಿಂಗಳು ಬಾಡಿಗೆ ಕರಾರು ನವೀಕರಣಕ್ಕೆ ಬಂತು. ಕಟ್ಟಡದ ಮಾಲೀಕರು ನೂರಕ್ಕೆ ಹತ್ತರಂತೆ ಏರಿಸಿ 15,400 ಕೇಳಿದರು. ಪೋಷಕರ ಸಭೆಯಲ್ಲಿ ಒಬ್ಬರು, ವರ್ಷಕ್ಕೆ ಮೂರನೆಯ ಪರೀಕ್ಷೆಯೊಂದನ್ನು ಮತ್ತೆ ಆರಂಭಿಸಿದರೆ ಸಾಕಲ್ಲವೇ ಎಂದು ಸಲಹೆ ಕೊಟ್ಟರು. ಸಲಹೆ ಪ್ರಾಮಾಣಿಕವಾಗಿಯೇ ಇತ್ತು. ಶಿಕ್ಷಕರು ಅದನ್ನು ಒಪ್ಪದೆ, ಹಾಲು ಖಾಲಿ ಇರುವ ಬೆಳಗಿನ ಹೊತ್ತಿಗೆ ದೊಡ್ಡವರಿಗಾಗಿ ವಾರಕ್ಕೆ ಮೂರು ದಿನದ ತರಗತಿ ತೆರೆದಿದ್ದಾರೆ. ಶುಲ್ಕ ಅದೇ 700. ಈವರೆಗೆ ಏಳು ಜನ ಸೇರಿದ್ದಾರೆ, ಹೆಚ್ಚಿನವರು ಸಂಜೆ ಕಲಿಯುವ ಮಕ್ಕಳ ತಾಯಂದಿರು.